ಹಾಲುಹಲ್ಲು ಹೊತ್ತ ಅಪವಾದ

ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಒಂದು ವಿಲಕ್ಷಣವಾದ ಪಟ್ಟಿ ಅಚ್ಚಾಗಿ ಹೊರಬೀಳುತ್ತಿತ್ತು. ನಗರದಲ್ಲಿ ಎಷ್ಟು ಜನ ಸತ್ತರು, ಯಾವ ಯಾವ ಕಾರಣದಿಂದ ಸತ್ತರು ಎಂಬ ಲೆಕ್ಕ ಅದು. ಮರಣದ ಪಟ್ಟಿ ಎಂದೇ ಅದನ್ನು ಕರೆಯಬಹುದು. 1632ನೆಯ ಇಸವಿಯ ಪಟ್ಟಿಯಲ್ಲಿ ಆ ವರ್ಷ 9,535 ಮಂದಿಯನ್ನು ಹೂಳಿದ ದಾಖಲೆಯಿದೆ. ಜ್ವರ, ಕ್ಷಯ, ಸಿಡುಬು, ಮುಪ್ಪು ಮೊದಲಾದವೆಲ್ಲ ನಾವು ನಿರೀಕ್ಷಿಸುವ ಕಾರಣಗಳೇ. ಅವುಗಳ ನಡುವೆ ಒಂದೇ ಪದದ ಒಂದು ಸಾಲು ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ. ‘ಹಲ್ಲು’ ಎಂದು ಬರೆದು, ಅದರ ಮುಂದೆ 470 ಎಂದು ಅಂಕಿ ಹಾಕಿದ್ದಾರೆ.

ಹಲ್ಲುನೋವಿನಿಂದ ಸತ್ತವರ ಲೆಕ್ಕವಲ್ಲ ಇದು. ಹಾಲುಹಲ್ಲು ಮೂಡುವ ವಯಸ್ಸಿನಲ್ಲಿ ಕಣ್ಣುಮುಚ್ಚಿದ ಎಳೆಗೂಸುಗಳ ಲೆಕ್ಕ. ಸತ್ತವರ ಮನೆಗೆ ಹೋಗಿ, ಹೆಣವನ್ನು ನೋಡಿ, ಕಾರಣವನ್ನು ವರದಿಮಾಡುವ ಕೆಲಸವನ್ನು ಆಗ ವಯಸ್ಸಾದ ಬಡ ಹೆಂಗಸರಿಗೆ ವಹಿಸಿದ್ದರು. ವೈದ್ಯಶಿಕ್ಷಣ ಅವರಿಗೆ ಇರಲಿಲ್ಲ. ಮಗುವಿಗೆ ಏಳೆಂಟು ತಿಂಗಳು, ಜ್ವರ ಬಂದಿತ್ತು, ಭೇದಿಯಾಗುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ಕೈಕಾಲು ಸೆಳೆದು ಹೋಯಿತು ಎಂದು ತಾಯಿ ಹೇಳಿದರೆ ಅವರು ‘ಹಲ್ಲು’ ಎಂದು ಬರೆಸುವರು. ಅವರನ್ನು ನಗುವಂತಿಲ್ಲ. ಅದೇ ಊರಿನ ಪಂಡಿತ ವೈದ್ಯರನ್ನು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು. ಇನ್ನೂರು ವರ್ಷಗಳಾದ ಮೇಲೆ, ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಸರ್ಕಾರವೇ ಸಾವಿನ ನೋಂದಣಿಯನ್ನು ಕೈಗೊಂಡಾಗ, 1839ರ ಒಂದೇ ವರ್ಷದಲ್ಲಿ 5,016 ಸಾವುಗಳು ಹಲ್ಲಿನ ಲೆಕ್ಕಕ್ಕೆ ಸೇರಿದವು.

ಇಷ್ಟೊಂದು ಸಾವುಗಳ ಹೊಣೆಯನ್ನು ಅಕ್ಕಿಕಾಳಿನಷ್ಟು ಬೆಳ್ಳಗಿನ ಒಂದು ವಸ್ತುವಿನ ಮೇಲೆ ಹೊರಿಸಿದ್ದು ಹೇಗೆ, ಆ ಹೊರೆ ಇಳಿಯುವ ಹೊತ್ತಿಗೆ ಏನೇನು ನಡೆಯಿತು ಎಂಬುದನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

ಮಾತಿನ ಮೂಲ ಬಹಳ ಹಳೆಯದು. ಗ್ರೀಕರ ಹಿಪ್ಪೊಕ್ರಟೀಸನ ಹೆಸರಿನಲ್ಲಿ ಬಂದಿರುವ ಸೂತ್ರಗಳಲ್ಲಿ, ಹಲ್ಲು ಬರುವ ಕಾಲಕ್ಕೆ ಒಸಡಿನ ನವೆ, ಜ್ವರ, ಸೆಳೆತ, ಭೇದಿ ಇವು ಕಾಣಿಸಿಕೊಳ್ಳುತ್ತವೆಂದೂ ಕೋರೆಹಲ್ಲು ಒಡೆಯುವಾಗ ಇವು ಹೆಚ್ಚೆಂದೂ ಹೇಳಿದೆ. ನಮ್ಮ ವಾಗ್ಭಟನೂ ಹಿಂದೆ ಬಿದ್ದಿಲ್ಲ. ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ, ಮಕ್ಕಳ ರೋಗಗಳನ್ನು ಕುರಿತ ಅಧ್ಯಾಯದಲ್ಲಿ, ಹಲ್ಲು ಮೂಡುವುದು ಎಲ್ಲ ರೋಗಗಳಿಗೂ ಕಾರಣವೆಂದು ಅವನು ಸಾರಿಬಿಟ್ಟಿದ್ದಾನೆ. ಜ್ವರ, ಭೇದಿ, ಕೆಮ್ಮು, ವಾಂತಿ, ತಲೆನೋವು ಎಂದು ಎಣಿಸಿದ್ದಾನೆ. ಬೆಕ್ಕಿಗೆ ಬೆನ್ನು ಮುರಿದಾಗ, ನವಿಲಿಗೆ ತಲೆಯ ಜುಟ್ಟು ಹುಟ್ಟುವಾಗ, ಮಗುವಿಗೆ ಹಲ್ಲು ಒಡೆಯುವಾಗ ಮೈಯಲ್ಲಿ ನೋಯದ ಭಾಗವೇ ಇಲ್ಲವೆಂಬ ಒಂದು ಸೊಗಸಾದ ಹೋಲಿಕೆಯೂ ಅಲ್ಲಿ ಬರುತ್ತದೆ. ಕಾಶ್ಯಪಸಂಹಿತೆಯಲ್ಲಂತೂ ದಂತಜನ್ಮಕ್ಕಾಗಿಯೇ ಒಂದು ಅಧ್ಯಾಯ ಮೀಸಲಾಗಿದೆ. ಯಾವ ತಿಂಗಳಲ್ಲಿ ಮೂಡಿದ ಹಲ್ಲಿನ ಗುಣವೇನು, ಹೆಣ್ಣುಮಕ್ಕಳಿಗೆ ಏಕೆ ಬೇಗ ಮತ್ತು ಕಡಿಮೆ ನೋವಿನಿಂದ ಹಲ್ಲು ಬರುತ್ತದೆ ಎಂಬ ಚರ್ಚೆಯೂ ಉಂಟು.

ಆದರೆ ವಾಗ್ಭಟನು ಅಷ್ಟಕ್ಕೇ ನಿಲ್ಲಲಿಲ್ಲ. ಅವನ ಮುಂದಿನ ಮಾತು ನನಗೆ ಅವನ ಹೋಲಿಕೆಗಿಂತ ದೊಡ್ಡದಾಗಿ ಕಾಣುತ್ತದೆ. ಹಲ್ಲಿನಿಂದ ಬಂದ ತೊಂದರೆಗಳಿಗಾಗಿ ಮಗುವನ್ನು ಅತಿಯಾದ ಕಟ್ಟುಪಾಡುಗಳಿಗೆ ಗುರಿಪಡಿಸಬಾರದು, ಹಲ್ಲು ಬಂದಮೇಲೆ ಅವು ತಾವಾಗಿಯೇ ಶಮನವಾಗುತ್ತವೆ ಎಂದು ಅವನು ಹೇಳುತ್ತಾನೆ. ರೋಗನಿದಾನದಲ್ಲಿ ತಪ್ಪಿದ್ದರೂ ಕೈ ಹಿಡಿತದಲ್ಲಿತ್ತು. ಯುರೋಪಿನಲ್ಲಿ ಅದೇ ತಪ್ಪು ನಿದಾನ ಇಂಥ ಹಿಡಿತವಿಲ್ಲದೆ ಮುಂದುವರಿಯಿತು.

ಅಲ್ಲಿ ಬಹುಕಾಲ ನಡೆದದ್ದು ಹೆಚ್ಚಾಗಿ ನಿರುಪದ್ರವಿಯಾದ ಉಪಚಾರವೇ. ಮೊಲದ ಮಿದುಳನ್ನು ಒಸಡಿಗೆ ಸವರುವುದು, ಹವಳದ ತುಂಡನ್ನು ಕಡಿಯಲು ಕೊಡುವುದು, ಪ್ರಾಣಿಯ ಹಲ್ಲನ್ನು ಕೊರಳಿಗೆ ಕಟ್ಟುವುದು. ಶ್ರೀಮಂತರ ಮಕ್ಕಳ ಹಳೆಯ ವರ್ಣಚಿತ್ರಗಳಲ್ಲಿ ಬೆಳ್ಳಿಯ ಗೆಜ್ಜೆ ಪೋಣಿಸಿದ ಹವಳದ ಗಿಲಕಿಯನ್ನು ಇಂದಿಗೂ ಕಾಣಬಹುದು.

ಚೂರಿ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಫ್ರಾನ್ಸಿನ ಪ್ರಸಿದ್ಧ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾನೆ. ನೆವೆರ್ ಮನೆತನದ ಪ್ರಭುವಿನ ಎಂಟು ತಿಂಗಳ ಮಗು ತೀರಿಕೊಂಡಿತ್ತು. ಹೆಣವನ್ನು ಕೊಯ್ದು ನೋಡಿದರೂ ಸಾವಿಗೆ ಕಾರಣ ಕಾಣಲಿಲ್ಲ. ಒಸಡು ಗಡುಸಾಗಿ ಊದಿದ್ದನ್ನು ಗಮನಿಸಿ ಅಲ್ಲಿ ಸೀಳಿದಾಗ, ಹೊರಬರಲು ಸಿದ್ಧವಾಗಿದ್ದ ಹಲ್ಲುಗಳು ಕಂಡವು. ಮಗು ಬದುಕಿದ್ದಾಗಲೇ ಹೀಗೆ ಸೀಳಿದ್ದರೆ ಉಳಿಯುತ್ತಿತ್ತೆಂದು ಅವನೂ ಅಲ್ಲಿದ್ದ ವೈದ್ಯರೂ ತೀರ್ಮಾನಿಸಿದರು. ಎಂಟು ತಿಂಗಳ ಯಾವ ಮಗುವಿನ ಒಸಡನ್ನು ಸೀಳಿದರೂ ಒಳಗೆ ಸಿದ್ಧವಾದ ಹಲ್ಲು ಇದ್ದೇ ಇರುತ್ತದೆ ಎಂಬುದು ಆ ಹೊತ್ತಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಪಾರೆ ಸಾಮಾನ್ಯನಲ್ಲ. ಗುಂಡೇಟಿನ ಗಾಯಕ್ಕೆ ಕುದಿಯುವ ಎಣ್ಣೆ ಹೊಯ್ಯುವ ಕ್ರೂರ ಪದ್ಧತಿಯನ್ನು ತನ್ನ ಕಣ್ಣಾರೆ ಕಂಡ ಅನುಭವದ ಬಲದಿಂದ ಬಿಡಿಸಿದವನು. ಅಂಥವನ ಕಣ್ಣೂ ಇಲ್ಲಿ ಮೋಸಹೋಯಿತು.

ಅಲ್ಲಿಂದ ಮುಂದೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಸುಳೆಗಳ ಒಸಡು ಸೀಳುವುದು ಗೌರವಾನ್ವಿತವಾದ ಚಿಕಿತ್ಸೆಯಾಗಿ ನಡೆಯಿತು. ಬಿಗಿದ ಒಸಡಿನ ಅಡಿಯಲ್ಲಿ ಹಲ್ಲು ಒತ್ತುತ್ತದೆ, ಆ ಒತ್ತಡ ನರಗಳನ್ನು ಕೆರಳಿಸುತ್ತದೆ, ಆ ಕೆರಳಿಕೆ ಮಿದುಳಿಗೆ ಏರಿ ಸೆಳೆತವಾಗುತ್ತದೆ, ಕರುಳಿಗೆ ಇಳಿದು ಭೇದಿಯಾಗುತ್ತದೆ ಎಂಬುದು ಅದರ ಹಿಂದಿನ ತರ್ಕ. ಹದಿನೆಂಟನೆಯ ಶತಮಾನದ ಮಹಾ ಶಸ್ತ್ರಜ್ಞ ಜಾನ್ ಹಂಟರ್ ಅವೇ ಹಲ್ಲುಗಳ ಮೇಲೆ ಹತ್ತು ಸಲಕ್ಕೂ ಮಿಕ್ಕಿ ಸೀಳಿದ್ದನ್ನು ಯಾವ ಅಳುಕೂ ಇಲ್ಲದೆ ದಾಖಲಿಸಿದ್ದಾನೆ. ನರಮಂಡಲದ ಪ್ರತಿವರ್ತನೆಯ ಅಧ್ಯಯನದಿಂದ ಹೆಸರಾದ ಮಾರ್ಷಲ್ ಹಾಲ್ ಇನ್ನೂ ಮುಂದೆ ಹೋದ. ಅಗತ್ಯವಿದ್ದಾಗ ಒಮ್ಮೆ ಸೀಳದೆ ಬಿಡುವುದಕ್ಕಿಂತ ಅಗತ್ಯವಿಲ್ಲದೆ ನೂರತೊಂಬತ್ತೊಂಬತ್ತು ಸಲ ಸೀಳುವುದೇ ಮೇಲೆಂಬುದು ಅವನ ಅಭಿಪ್ರಾಯವಾಗಿತ್ತು. ಶಸ್ತ್ರವನ್ನು ಶುಚಿಗೊಳಿಸುವ ಮಾತನ್ನು ಜೋಸೆಫ್ ಲಿಸ್ಟರ್ ಎತ್ತಿದ್ದು 1867ರಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಹಾಲ್ 1857ರಲ್ಲೇ ತೀರಿಕೊಂಡಿದ್ದ. ಒಂದು ಮಗುವಿನ ಬಾಯಿಂದ ತೆಗೆದ ಚೂರಿಯನ್ನು ಒರೆಸಿ ಇನ್ನೊಂದು ಮಗುವಿನ ಬಾಯಿಗೆ ಇಡುತ್ತಿದ್ದ ಕಾಲ ಅದು. ರಕ್ತ ಸೋರಿ, ಗಾಯ ಕೀವುಗಟ್ಟಿ ತೀರಿಕೊಂಡ ಕೂಸುಗಳೂ ಪಟ್ಟಿಯಲ್ಲಿ ‘ಹಲ್ಲಿನಿಂದ ಸತ್ತವರು’ ಎಂದೇ ಸೇರಿಹೋದವು!

ಚೂರಿಗೆ ಅಂಜಿದವರಿಗೆ ಔಷಧಿ ಇತ್ತು. ಅಮೆರಿಕದ ಮೇಯ್ನ್ ಪ್ರಾಂತದ ಬ್ಯಾಂಗೊರ್ ಎಂಬ ಊರಿನಲ್ಲಿ 1849ರಲ್ಲಿ ‘ಮಿಸೆಸ್ ವಿನ್ಸ್ಲೋ ಅವರ ಶಮನಪಾನಕ’ ಮಾರುಕಟ್ಟೆಗೆ ಬಂತು. ಹಲ್ಲು ಬರುವ ಮಕ್ಕಳಿಗೆಂದೇ ಮಾಡಿದ ಸಿಹಿ ಪಾನಕ. ಮಡಿಲಲ್ಲಿ ಮಗುವಿರುವ ತಾಯಿಯ ಚಂದದ ಚಿತ್ರದೊಡನೆ ಜಾಹೀರಾತುಗಳು ಮನೆಮನೆಗೆ ಹೋದವು. ಕುಡಿಸಿದ ಸ್ವಲ್ಪ ಹೊತ್ತಿಗೆ ಮಗು ಅಳು ನಿಲ್ಲಿಸಿ ಮಲಗುತ್ತಿತ್ತು. ಮಲಗದೆ ಏನು ಮಾಡೀತು? ಪ್ರತಿ ಔನ್ಸಿಗೆ 65 ಮಿಲಿಗ್ರಾಂನಷ್ಟು ಮಾರ್ಫಿನ್ ಅದರಲ್ಲಿತ್ತು. ಕೆಲವು ಮಕ್ಕಳು ಮತ್ತೆ ಏಳಲಿಲ್ಲ. 1906ರ ಶುದ್ಧ ಆಹಾರ ಮತ್ತು ಔಷಧಿ ಕಾಯಿದೆ ಬಂದು ಸೀಸೆಯ ಮೇಲೆ ಮಾರ್ಫಿನ್ನಿನ ಹೆಸರನ್ನು ಬರೆಯಬೇಕಾಗಿ ಬಂದಮೇಲೆ ಜನ ಎಚ್ಚೆತ್ತರು. ಇಂಗ್ಲೆಂಡಿನ ಸಂಗೀತಕಾರ ಎಡ್ವರ್ಡ್ ಎಲ್ಗರ್ ತನ್ನ ತಾರುಣ್ಯದಲ್ಲಿ ಬರೆದ ಒಂದು ನಿಧಾನಗತಿಯ ವಾದ್ಯರಚನೆಗೆ ತಮಾಷೆಯಾಗಿ ಈ ಪಾನಕದ ಹೆಸರನ್ನೇ ಇಟ್ಟನೆಂಬುದು, ಅದು ಎಷ್ಟು ಮನೆಮಾತಾಗಿತ್ತು ಎಂಬುದಕ್ಕೆ ಸಾಕ್ಷಿ. ನಮ್ಮಲ್ಲಿಯೂ ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು ಕೂಸುಗಳಿಗೆ ಅಫೀಮಿನ ‘ಬಾಲಗೋಲಿ’ ನುಂಗಿಸುತ್ತಿದ್ದರು. ಅಲ್ಲಿ ಅದು ಹಲ್ಲಿನ ಹೆಸರಿನಲ್ಲಿ ಅಲ್ಲ, ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರಿಲ್ಲದ ಬಡತನದ ಹೆಸರಿನಲ್ಲಿ.

ಪಾನಕಕ್ಕಿಂತ ದೀರ್ಘಕಾಲ ನಡೆದದ್ದು, ಪಾನಕಕ್ಕಿಂತ ಗುಪ್ತವಾಗಿ ಕೊಂದದ್ದು ಪುಡಿ. ಇಂಗ್ಲೆಂಡು, ಆಸ್ಟ್ರೇಲಿಯಗಳ ಮನೆಮನೆಗಳಲ್ಲಿ ‘ಹಲ್ಲುಪುಡಿ’ಯ ಪೊಟ್ಟಣಗಳಿದ್ದವು. ನಾವು ಹಲ್ಲು ತಿಕ್ಕುವ ಪುಡಿಯಲ್ಲ, ಹಲ್ಲು ಬರುವ ಮಕ್ಕಳಿಗೆ ತಿನ್ನಿಸುವ ಪುಡಿ. ಸ್ಟೀಡ್‌ಮನ್ ಅವರ ಪುಡಿ ಅದರಲ್ಲಿ ಹೆಸರುವಾಸಿ. ಅದರೊಳಗೆ ಇದ್ದದ್ದು ಕ್ಯಾಲೊಮೆಲ್, ಎಂದರೆ ಪಾದರಸದ ಒಂದು ಲವಣ. ಹೊಟ್ಟೆ ಶುದ್ಧಿಯಾದರೆ ಹಲ್ಲಿನ ಬಾಧೆ ಇಳಿಯುತ್ತದೆಂಬ ಹಳೆಯ ನಂಬಿಕೆಯಿಂದ ಬಂದ ಔಷಧಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೈದ್ಯರು ಎಳೆಮಕ್ಕಳಲ್ಲಿ ಹೊಸದೊಂದು ರೋಗವನ್ನು ಗುರುತಿಸತೊಡಗಿದರು. ಆಸ್ಟ್ರೇಲಿಯದಲ್ಲಿ ಸ್ವಿಫ್ಟ್ ಎಂಬ ವೈದ್ಯ 1914ರಲ್ಲಿ ಅದನ್ನು ವರ್ಣಿಸಿದ. ಮಗುವಿನ ಅಂಗೈ ಅಂಗಾಲುಗಳು ಊದಿ ಹಸಿಮಾಂಸದಂತೆ ಕೆಂಪಗಾಗುವುವು, ಚರ್ಮ ಸುಲಿಯುವುದು, ಮೈಯೆಲ್ಲ ಬೆವರುವುದು. ಬೆಳಕನ್ನು ಕಂಡರಾಗದೆ ಮಗು ದಿಂಬಿನಲ್ಲಿ ಮುಖ ಹುದುಗಿಸುವುದು, ತನ್ನ ಕೂದಲನ್ನು ತಾನೇ ಕೀಳುವುದು. ಹಗಲೂ ರಾತ್ರಿ ನರಳುವ ಇಂಥ ಮಗುವಿನಷ್ಟು ದುಃಖಿಯಾದ ಜೀವವನ್ನು ಕಾಣುವುದು ಕಷ್ಟವೆಂದು ನೋಡಿದವರೆಲ್ಲ ಬರೆದಿದ್ದಾರೆ. ಒಸಡು ಊದಿ ಹಲ್ಲುಗಳು ಸಡಿಲವಾಗಿ ಉದುರುವುದೂ ಉಂಟು. ಹಲ್ಲು ಸುಖವಾಗಿ ಬರಲೆಂದು ತಿನ್ನಿಸಿದ ಪುಡಿ ಬಂದ ಹಲ್ಲನ್ನೇ ಕೀಳುತ್ತಿತ್ತು. ಮೈಬಣ್ಣದಿಂದಾಗಿ ಇದಕ್ಕೆ ‘ಗುಲಾಬಿ ರೋಗ’ ಎಂದು ಹೆಸರಾಯಿತು. ಆಹಾರದ ಕೊರತೆ ಎಂದರು ಕೆಲವರು. ಸೋಂಕು ಎಂದರು ಕೆಲವರು. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ 1939ರಿಂದ 1948ರವರೆಗಿನ ಹತ್ತು ವರ್ಷಗಳಲ್ಲಿ 585 ಮಕ್ಕಳು ಈ ರೋಗದಿಂದ ಸತ್ತರು.

ವಿಯೆನ್ನಾದಿಂದ ಅಮೆರಿಕಕ್ಕೆ ಬಂದು ಸಿನ್ಸಿನಾಟಿಯಲ್ಲಿ ನೆಲಸಿದ್ದ ಜೋಸೆಫ್ ವಾರ್ಕನಿ ಎಂಬ ಮಕ್ಕಳ ವೈದ್ಯ 1945ರಲ್ಲಿ ಈ ರೋಗದ ಒಂದು ಮಗುವಿನ ಮೂತ್ರವನ್ನು ಲೋಹಗಳ ಪರೀಕ್ಷೆಗೆ ಕಳಿಸಿದ. ಬಂದ ಉತ್ತರ ಪಾದರಸ. ಮತ್ತೆ ಮತ್ತೆ, ಬೇರೆ ಬೇರೆ ಮಕ್ಕಳಲ್ಲಿ ನೋಡಿದರೂ ಹೆಚ್ಚಿನವರಲ್ಲಿ ಪಾದರಸವೇ. ತನ್ನ ಸಹೋದ್ಯೋಗಿ ಹಬ್ಬರ್ಡ್ ಜೊತೆಗೂಡಿ 1948ರಲ್ಲಿ ಅವನು ಇದನ್ನು ಪ್ರಕಟಿಸಿದ. ಎಲ್ಲರೂ ಒಡನೆಯೇ ಒಪ್ಪಲಿಲ್ಲ. ಸಾವಿರಾರು ಮಕ್ಕಳು ಅದೇ ಪುಡಿ ತಿಂದು ಚೆನ್ನಾಗಿಯೇ ಇದ್ದಾರಲ್ಲ ಎಂಬುದು ಆಕ್ಷೇಪಣೆ. ಅದು ಸುಳ್ಳೂ ಅಲ್ಲ. ಪಾದರಸ ತಿಂದ ಮಕ್ಕಳಲ್ಲಿ ಕೆಲವರ ದೇಹಕ್ಕೆ ಮಾತ್ರ ಅದು ಹೀಗೆ ನಾಟುತ್ತಿತ್ತು. ಅಂತೂ 1954ರಲ್ಲಿ ಇಂಗ್ಲೆಂಡಿನ ತಯಾರಕರು ಪುಡಿಯಿಂದ ಪಾದರಸವನ್ನು ತೆಗೆದರು. ಕೆಲವೇ ವರ್ಷಗಳಲ್ಲಿ ಗುಲಾಬಿ ರೋಗ ಹೇಳಹೆಸರಿಲ್ಲದೆ ಹೋಯಿತು. ಹಲ್ಲು ಬರುವ ಮಕ್ಕಳ ರೋಗವೆಂದು ಪುಸ್ತಕಗಳಲ್ಲಿ ಬರೆದಿದ್ದ ರೋಗ ಹಲ್ಲಿನ ಔಷಧಿಯ ರೋಗವಾಗಿತ್ತು.

ಇನ್ನು ಮೊದಲಿನ ಪ್ರಶ್ನೆ. ಹಲ್ಲು ಯಾವ ಪಾಪವನ್ನು ಮಾಡಿತ್ತು? ಸರಿಯಾಗಿ ಆ ಹೊತ್ತಿಗೆ ಬಂದದ್ದೇ ಅದರ ಪಾಪ. ಮೊದಲ ಹಲ್ಲು, ಸಾಮಾನ್ಯವಾಗಿ ಕೆಳದವಡೆಯ ಮುಂದಿನ ಜೋಡಿ, ಆರನೆಯ ತಿಂಗಳ ಆಸುಪಾಸಿನಲ್ಲಿ ಮೂಡುತ್ತದೆ. ಕೆಲವರಿಗೆ ನಾಲ್ಕಕ್ಕೇ, ಕೆಲವರಿಗೆ ವರ್ಷ ತುಂಬಿದ ಮೇಲೆ. ಎರಡೂವರೆ ಮೂರು ವರ್ಷಕ್ಕೆ ಇಪ್ಪತ್ತೂ ಬಂದಿರುತ್ತವೆ. ತಾಯಿಯಿಂದ ಬಸಿರಿನಲ್ಲಿ ಪಡೆದುಕೊಂಡು ಬಂದ ರೋಗನಿರೋಧಕ ಶಕ್ತಿ ಮಗುವಿನ ರಕ್ತದಲ್ಲಿ ಕರಗುತ್ತ ಬರುವುದು ಇದೇ ಆರನೆಯ ತಿಂಗಳ ಸುಮಾರಿಗೆ. ಎದೆಹಾಲಿನ ಜೊತೆಗೆ ಬೇರೆ ಆಹಾರ, ಬೇರೆ ನೀರು ಬಾಯಿಗೆ ಬೀಳುವುದು ಆಗಲೇ. ಅಂಬೆಗಾಲಿಟ್ಟು ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದೂ ಆಗಲೇ. ಸೋಂಕು, ಜ್ವರ, ಭೇದಿ ಬರಲು ಇದಕ್ಕಿಂತ ತಕ್ಕ ಕಾಲವಿಲ್ಲ. ಇಪ್ಪತ್ತು ಹಲ್ಲುಗಳು ಎರಡು ವರ್ಷಗಳ ಉದ್ದಕ್ಕೂ ಒಂದಾದ ಮೇಲೊಂದು ಬರುತ್ತಿರುವಾಗ, ಮಗು ಯಾವ ದಿನ ಕಾಯಿಲೆಬಿದ್ದರೂ ಯಾವುದೋ ಒಂದು ಹಲ್ಲು ಹತ್ತಿರದಲ್ಲೇ ಸಿಕ್ಕುತ್ತದೆ. ಒಸಡಿನೊಳಗೆ ಕೈಗೆ ತಾಕುವ ಹಲ್ಲು ಅಪರಾಧಿಯಾಯಿತು. ಕಣ್ಣಿಗೆ ಕಾಣದ ಕ್ರಿಮಿ ತಪ್ಪಿಸಿಕೊಂಡಿತು.

ಈ ಊಹೆಯನ್ನು ದಿನದಿನದ ಲೆಕ್ಕ ಇಟ್ಟು ಪರೀಕ್ಷಿಸಿದ ಎರಡು ಅಧ್ಯಯನಗಳು 2000ದಲ್ಲಿ ಪ್ರಕಟವಾದವು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಮೂರು ಶಿಶುವಿಹಾರಗಳ 21 ಮಕ್ಕಳನ್ನು ಏಳು ತಿಂಗಳ ಕಾಲ ಪರಿಶೀಲಿಸಿದರು. ಅಷ್ಟರಲ್ಲಿ 90 ಹಲ್ಲುಗಳು ಮೂಡಿದವು. ಹಲ್ಲು ಮೂಡಿದ ದಿನಗಳಿಗೂ ಮೂಡದ ದಿನಗಳಿಗೂ ಜ್ವರದಲ್ಲಿ, ಭೇದಿಯಲ್ಲಿ, ನಿದ್ರೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಮಾಷೆಯೆಂದರೆ, ಅಧ್ಯಯನ ಮುಗಿದ ಮೇಲೆ ಆ ಮಕ್ಕಳ ತಾಯ್ತಂದೆಯರನ್ನು ಕೇಳಿದಾಗ, ತಮ್ಮ ಮಗು ಹಲ್ಲಿನಿಂದ ಬಾಧೆಪಟ್ಟಿತೆಂದೇ ಅವರೆಲ್ಲ ಹೇಳಿದರು. ದಿನವೂ ತಾವೇ ತುಂಬಿದ ಕಾಗದಕ್ಕಿಂತ ಮನಸ್ಸಿನಲ್ಲಿ ಉಳಿದ ಕಥೆ ಅವರಿಗೆ ಹೆಚ್ಚು ನಿಜವಾಗಿತ್ತು.

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ನಡೆದದ್ದು ಇನ್ನೂ ದೊಡ್ಡದು: 125 ಮಕ್ಕಳು, 475 ಹಲ್ಲುಗಳು. ಮನೆಯವರೇ ದಿನಕ್ಕೆ ಎರಡು ಸಲ ಮೈಬಿಸಿ ನೋಡಿ ಬರೆದಿಟ್ಟರು. ಹಲ್ಲು ಕಾಣಿಸುವುದಕ್ಕೆ ನಾಲ್ಕು ದಿನ ಮೊದಲಿನಿಂದ ಮೂರು ದಿನ ಅನಂತರದವರೆಗೆ ಕೆಲವು ಚಿಹ್ನೆಗಳು ತುಸು ಹೆಚ್ಚಾಗಿ ತೋರಿದವು. ಸಿಕ್ಕಿದ್ದನ್ನು ಕಚ್ಚುವುದು, ಜೊಲ್ಲು ಸುರಿಸುವುದು, ಒಸಡು ಉಜ್ಜಿಕೊಳ್ಳುವುದು, ಚೀಪುವುದು, ಕಿವಿ ತಿಕ್ಕಿಕೊಳ್ಳುವುದು, ಮುಖದ ಮೇಲೆ ಸಣ್ಣ ಗುಳ್ಳೆಗಳು, ರಚ್ಚೆ, ಗಟ್ಟಿ ಆಹಾರ ಬೇಡವೆನ್ನುವುದು, ಅಳತೆಗೆ ಮಾತ್ರ ಸಿಕ್ಕುವಷ್ಟು ಮೈಬಿಸಿ. ಏರುಜ್ವರವಿಲ್ಲ, ವಾಂತಿಯಿಲ್ಲ, ಭೇದಿಯಿಲ್ಲ, ಕೆಮ್ಮಿಲ್ಲ. ಈ ಸಣ್ಣ ಚಿಹ್ನೆಗಳಲ್ಲಿಯೂ ಯಾವೊಂದೂ ಮೂರನೆಯ ಒಂದು ಪಾಲಿಗಿಂತ ಬಹಳ ಹೆಚ್ಚು ಮಕ್ಕಳಲ್ಲಿ ಕಾಣಲಿಲ್ಲ. ಆದ್ದರಿಂದ ಚಿಹ್ನೆ ನೋಡಿ ಇಂಥ ದಿನ ಹಲ್ಲು ಬರುತ್ತದೆಂದು ನುಡಿಯುವುದು ಸಾಧ್ಯವಿಲ್ಲವೆಂದು ಅವರು ಹೇಳಬೇಕಾಯಿತು. ಜೊಲ್ಲಿನ ಮಾತನ್ನೇ ತೆಗೆದುಕೊಳ್ಳಿ. ಮೂರು ನಾಲ್ಕು ತಿಂಗಳಿಗೆ ಎಲ್ಲ ಮಕ್ಕಳೂ ಜೊಲ್ಲು ಸುರಿಸಿ, ಮುಷ್ಟಿಯನ್ನು ಬಾಯಿಗಿಟ್ಟು ಚೀಪತೊಡಗುತ್ತವೆ. ಅದು ಲಾಲಾಗ್ರಂಥಿಗಳೂ ಕೈಗಳೂ ಬೆಳೆದು ಕೆಲಸ ಕಲಿತದ್ದರ ಗುರುತು. ಹಲ್ಲು ಇನ್ನೂ ತಿಂಗಳುಗಟ್ಟಲೆ ದೂರವಿರಬಹುದು. ಒಸಡು ಅಲ್ಲಿ ಮಾತ್ರ ಉಬ್ಬಿ, ಕೆಲವೊಮ್ಮೆ ನೀಲಿಛಾಯೆಯ ಸಣ್ಣ ಬುಗುಟೆಯಾಗಿ, ಆಮೇಲೆ ಬಿಳಿಯ ಅಂಚೊಂದು ತೋರಿದರೆ ಅದು ನಂಬಬಹುದಾದ ಗುರುತು. ನಮ್ಮ ಮನೆಗಳಲ್ಲಿ ಹಾಲು ಹಾಕುವ ಬೆಳ್ಳಿಯ ಒಳಲೆಗೆ ಏನೋ ತಾಕಿ ಟಣ್ ಎಂದಾಗಲೇ ಹಲ್ಲು ಬಂತೆಂದು ಅಜ್ಜಿಯರು ಸಕ್ಕರೆ ಹಂಚುತ್ತಿದ್ದುದು ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು.

ಅಜ್ಜಿಯರ ಮಾತು ಬಂದದ್ದರಿಂದ ಇನ್ನೆರಡು ಮಾತು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೆಡುಕೆಂಬ ಹೆದರಿಕೆ ನಮ್ಮಲ್ಲಿ ಉಂಟು. ಮಾವನಿಗೆ ಅದರಿಂದ ಏನೂ ಆಗುವುದಿಲ್ಲ, ಉಡುಗೊರೆಯ ಖರ್ಚನ್ನು ಬಿಟ್ಟರೆ. ಬಜೆ, ಅಳಲೆಕಾಯಿ, ಜಾಯಿಕಾಯಿಗಳನ್ನು ತೇದು ನೆಕ್ಕಿಸುವ ಪದ್ಧತಿಯಿತ್ತು. ಅದರ ಮೇಲೆ ಗ್ರೈಪ್ ವಾಟರ್ ಬಂತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ 1851ರಲ್ಲಿ ತಯಾರಿಸಿದ ಈ ಔಷಧಿಯ ಮೂಲಪಾಕದಲ್ಲಿ ಸಬ್ಬಸಿಗೆಯ ಎಣ್ಣೆ, ಸೋಡ, ಸಕ್ಕರೆಗಳ ಜೊತೆಗೆ ಮದ್ಯಸಾರವೂ ಇತ್ತು. ಹಲ್ಲು ಬರುವ ಕಾಲದ ತೊಂದರೆಗೂ ಅದು ಒಳ್ಳೆಯದೆಂಬ ಪ್ರಚಾರದೊಡನೆ ಅದು ನಮ್ಮ ತಾಯಿ, ಅಜ್ಜಿ, ಮುತ್ತಜ್ಜಿಯರ ಗೂಡುಗಳಲ್ಲಿ ಸ್ಥಾನ ಪಡೆಯಿತು. ಇಂಗ್ಲೆಂಡಿನಲ್ಲಿ 1992ರ ಹೊತ್ತಿಗೆ ಮದ್ಯಸಾರವನ್ನು ತೆಗೆದರು.

ಈ ಪದ್ಧತಿಗಳಿಗಿಂತ ನನ್ನನ್ನು ಕಾಡುವುದು ‘ಹಲ್ಲು ಬರ್ತಾ ಇದೆ, ಅದಕ್ಕೇ ಭೇದಿ’ ಎಂಬ ಮಾತು. ಇಂದಿಗೂ ಕೇಳಿಬರುವ ಮಾತು ಅದು. ಚೂರಿಯೂ ಇಲ್ಲ, ಪಾದರಸವೂ ಇಲ್ಲ, ಸುಮ್ಮನೆ ಸಮಾಧಾನದ ಮಾತು. ಆದರೆ ಆ ಸಮಾಧಾನದಲ್ಲಿ ಎರಡು ದಿನ ಕಳೆದರೆ ಎಳೆಯ ದೇಹದ ನೀರು ಬತ್ತಿಹೋಗುತ್ತದೆ. ಬಾಂಗ್ಲಾದೇಶದ ಯುದ್ಧಕಾಲದಲ್ಲಿ, 1971ರಲ್ಲಿ, ಪಶ್ಚಿಮ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಕೊಡುವ ದ್ರವ ಮುಗಿದುಹೋದಾಗ ವೈದ್ಯ ದಿಲೀಪ ಮಹಲನಬೀಸ್ ಉಪ್ಪು, ಸಕ್ಕರೆ, ಸೋಡಗಳ ನೀರನ್ನು ಬಾಯಿಂದಲೇ ಕುಡಿಸಿ ಅಪಾರ ಜನರನ್ನು ಉಳಿಸಿದರು. ಆ ನೀರಿನ ಪುಡಿ ಇಂದು ನಮ್ಮ ಯಾವ ಊರಿನ ಆರೋಗ್ಯ ಕೇಂದ್ರದಲ್ಲಿ ಬೇಕಾದರೂ ಸಿಕ್ಕುತ್ತದೆ. ಭೇದಿಯನ್ನು ಹಲ್ಲಿನ ಲೆಕ್ಕಕ್ಕೆ ಬರೆದ ಮನೆಗೆ ಮಾತ್ರ ಅದು ಹೊತ್ತಿಗೆ ಸರಿಯಾಗಿ ಹೋಗುವುದಿಲ್ಲ.

ಔಷಧಿಯ ಕಥೆಯೂ ಮುಗಿದಿಲ್ಲ. 2008ರಲ್ಲಿ ನೈಜೀರಿಯದಲ್ಲಿ ‘ಮೈ ಪಿಕಿನ್’, ಎಂದರೆ ‘ನನ್ನ ಕಂದ’, ಎಂಬ ಹೆಸರಿನ ಹಲ್ಲಿನ ಪಾನಕ ಮಾರಾಟವಾಯಿತು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವ ಸೇರಿತ್ತು. ಮೂತ್ರಪಿಂಡಗಳು ಕೆಟ್ಟು 84 ಮಕ್ಕಳು ಸತ್ತರು. ಅಮೆರಿಕದ ಔಷಧಿ ನಿಯಂತ್ರಣ ಇಲಾಖೆ 2018ರಲ್ಲಿ ಎರಡು ಎಚ್ಚರಿಕೆಗಳನ್ನು ಕೊಟ್ಟಿತು. ಮರಗಟ್ಟಿಸುವ ಬೆಂಜೊಕೇನ್ ಮುಲಾಮನ್ನು ಎರಡು ವರ್ಷದೊಳಗಿನ ಮಕ್ಕಳ ಒಸಡಿಗೆ ಹಚ್ಚಬಾರದು, ಹಲ್ಲಿನ ಹೆಸರಿನಲ್ಲಿ ಮಾರುವ ಮಣಿಸರಗಳನ್ನು ಮಕ್ಕಳ ಕೊರಳಿಗೆ ಹಾಕಬಾರದು. ಮಲಗಿದ್ದ ಒಂದೂವರೆ ವರ್ಷದ ಮಗುವೊಂದಕ್ಕೆ ಅಂಥ ಸರವೇ ಉರುಳಾಗಿತ್ತು. ಮಕ್ಕಳ ವೈದ್ಯರು ಈಗ ಹೇಳುವುದು ಇಷ್ಟೆ: ತೊಳೆದ ಬೆರಳಿನಿಂದ ಒಸಡನ್ನು ಮೆಲ್ಲಗೆ ತಿಕ್ಕಿ, ತಣ್ಣೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯನ್ನು ಕಡಿಯಲು ಕೊಡಿ, ಜ್ವರವೋ ಭೇದಿಯೋ ಬಂದರೆ ಅದಕ್ಕೆ ಬೇರೆ ಕಾರಣವನ್ನು ಹುಡುಕಿ.